ಹೊಸ್ತಿಲಲ್ಲಿ ಒಂದೇ ತಲೆ

ಆ ಊರಿಗೆ ಎರಡು ಸೂರು. ಮನೆಮನೆಗೆ ಅದರದರ ಮಾಡು ಇತ್ತು. ಆ ಮಾಡುಗಳೆಲ್ಲದರ ಮೇಲೆ ಇಡೀ ಊರಿಗೆ ಒಂದೇ ಬಟ್ಟೆಯ ಚಪ್ಪರ ಇತ್ತು. ಊರಿನ ಪಡುವಲಿಗೆ ಉಪ್ಪಿನ ಬಯಲು. ಅಲ್ಲಿಂದ ಬೀಸುವ ಗಾಳಿ ಬರಿಮೈಗೆ ತಗಲಿದರೆ ಚರ್ಮ ಬಿರಿಯುತ್ತಿತ್ತು, ಕಣ್ಣಿಗೆ ತಗಲಿದರೆ ನೋಟ ಮಂಜಾಗುತ್ತಿತ್ತು. ಗಾಳಿಯನ್ನು ತಡೆಯುವುದು ಆ ಚಪ್ಪರ. ಚಪ್ಪರವನ್ನು ಗಾಳಿ ದಿನವೂ ತಿನ್ನುತ್ತಿತ್ತು, ಊರು ದಿನವೂ ನೇಯುತ್ತಿತ್ತು. ಇದು ಯಾವಾಗ ಶುರುವಾಯಿತೆಂದು ಕೇಳಿದರೆ ಮುದುಕರು ತಲೆಯೆತ್ತಿ ತೇಪೆಯ ಮೇಲಿನ ತೇಪೆಗಳನ್ನು ತೋರಿಸುತ್ತಿದ್ದರು.

ಅಲ್ಲಿ ಮಗ್ಗವಿಲ್ಲದ ಮನೆಯಿರಲಿಲ್ಲ. ಹಗಲೆಲ್ಲ ನೆಯ್ದದ್ದನ್ನು ಸಂಜೆ ಹೊಸ್ತಿಲ ಮೇಲೆ ಹಾಸಬೇಕು. ಹೊತ್ತು ಕಂತುವಾಗ ಕತ್ತರಿಯವನು ಬರುತ್ತಾನೆ. ಒಂದು ಕೈಯಲ್ಲಿ ಅಳತೆಯ ಕೋಲು, ಇನ್ನೊಂದು ಕೈಯಲ್ಲಿ ಕತ್ತರಿ. ಹೊಸ್ತಿಲಿನಾಚೆ ನಿಂತು ಕೇಳುತ್ತಾನೆ:

"ಮನೆಗೆ ತಲೆ ಎಷ್ಟು?"

ಮನೆಯೊಡತಿ ಹೇಳುತ್ತಾಳೆ. ಹೆಚ್ಚು ತಲೆ ಎಂದರೆ ಕೋಲಿನ ಮೇಲೆ ಅವನ ಹೆಬ್ಬೆರಳು ಕೆಳಗಿಳಿಯುತ್ತದೆ, ಕಡಿಮೆ ಬಟ್ಟೆ ಕತ್ತರಿಸುತ್ತಾನೆ. ಕಡಿಮೆ ತಲೆ ಎಂದರೆ ಹೆಬ್ಬೆರಳು ಮೇಲೇರುತ್ತದೆ, ಹೆಚ್ಚು ಕತ್ತರಿಸುತ್ತಾನೆ. ಹೊದೆಯುವವರು ಹೆಚ್ಚಿದ್ದಲ್ಲಿ ಹೆಚ್ಚು ಉಳಿಯಲಿ ಎಂಬುದು ಅಲ್ಲಿಯ ಕಟ್ಟಳೆ. ಕತ್ತರಿಸಿದ್ದನ್ನು ಹೆಗಲಿಗೆ ಹಾಕಿಕೊಂಡು "ಊರಿನದು ಊರಿಗೆ" ಎನ್ನುತ್ತಾನೆ. "ಉಳಿದದ್ದು ಉಸಿರಿಗೆ" ಎಂದು ಮನೆಯೊಡತಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಆದರೆ ಸಂಜೆಯ ಕತ್ತರಿ ಅಂದಾಜಿನ ಕತ್ತರಿ. ನಿಜವಾದ ಲೆಕ್ಕ ತೀರುವುದು ವರ್ಷಕ್ಕೊಮ್ಮೆ, ಚಳಿ ಮುಗಿದು ಗಾಳಿ ತಿರುಗಿದ ಮೇಲೆ. ಆ ದಿನಕ್ಕೆ ಮರಳುವ ದಿನ ಎಂದು ಹೆಸರು. ಚಾವಡಿಯ ಹಿರಿಯ ಪ್ರತಿ ಮನೆಯ ಮುಂದೆ ನಿಂತು ತಲೆಗಳನ್ನು ಕಣ್ಣಾರೆ ನೋಡುತ್ತಾನೆ. ಆ ಮನೆಯಿಂದ ವರ್ಷವಿಡೀ ಬಂದ ಬಟ್ಟೆಯಲ್ಲಿ ಚಪ್ಪರಕ್ಕೆ ಸಲ್ಲಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಮರಳಿಸುತ್ತಾನೆ. ಕೊರತೆ ಬಿದ್ದಿದ್ದರೆ ಕತ್ತರಿಯವನು ಮನೆಯೊಳಗೆ ಹೋಗುತ್ತಾನೆ, ಹೊದ್ದ ಹೊದಿಕೆಯಲ್ಲೇ ಕತ್ತರಿಸಿ ತರುತ್ತಾನೆ.

ಮರಳಿ ಬಂದ ಬಟ್ಟೆಯನ್ನು ಅಂದೇ ಒಳಗೆ ಒಯ್ಯುವಂತಿಲ್ಲ. ಮನೆ ಮುಂದೆ ಎರಡು ಗೂಟಗಳ ನಡುವೆ ಹಗ್ಗ ಇರುತ್ತದೆ, ಅದರ ಮೇಲೆ ಹರವಬೇಕು. ಹೊತ್ತು ಇಳಿಯುವ ತನಕ ಇಡೀ ಊರು ಬೀದಿ ಬೀದಿ ತಿರುಗುತ್ತದೆ, ಹಗ್ಗಗಳನ್ನು ನೋಡುತ್ತದೆ. ಎದುರಾದವರನ್ನು ಚೆನ್ನಾಗಿದ್ದೀರಾ ಎಂದು ಆ ದಿನ ಯಾರೂ ಕೇಳುವುದಿಲ್ಲ. "ಹಗ್ಗ ತುಂಬಿತೇ?" ಎಂದು ಕೇಳುತ್ತಾರೆ.

ಆ ಊರಿಗೆ ಮದುವೆಯಾಗಿ ಬಂದವಳೊಬ್ಬಳಿದ್ದಳು. ಅವಳ ತವರು ಬಲು ದೂರ. ಅಲ್ಲಿ ಚಪ್ಪರವಿರಲಿಲ್ಲ, ತಲೆಯ ಮೇಲೆ ಬರಿಯ ಆಕಾಶವಿತ್ತು. ಬಂದ ದಿನ ಅವಳನ್ನು ಪರವೂರಿನವಳು ಎಂದು ಕರೆದರು. ಬೈತಲೆಯ ಕೂದಲು ಬೆಳ್ಳಗಾದ ಮೇಲೂ ಹಾಗೆಯೇ ಕರೆಯುತ್ತಿದ್ದರು. ಮನೆಯಲ್ಲಿ ಅವಳು, ಮಾತು ಕಡಿಮೆಯ ಗಂಡ, ಮಾತೇ ಊಟವಾಗಿದ್ದ ಮುದಿ ಅತ್ತೆ. ಮೂರು ತಲೆ, ಒಂದು ಮಗ್ಗ. ಪ್ರತಿ ಸಂಜೆ ಅವಳು ನಿಜವನ್ನೇ ಹೇಳುತ್ತಿದ್ದಳು. "ಮೂರು ತಲೆ ಅಣ್ಣಾ." ಇದ್ದದ್ದನ್ನು ಇದ್ದಂತೆ ಹೇಳಿದ್ದರಿಂದ ವರ್ಷದ ಕೊನೆಗೆ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ನಿಲ್ಲುತ್ತಿತ್ತು. ಮರಳುವ ದಿನ ಅವಳ ಹಗ್ಗದ ಮೇಲೆ ಒಂದು ತುಂಡು ನೇತಾಡುತ್ತಿತ್ತು. ಬಾಣಲೆಯ ಮಸಿ ಒರೆಸಲು ಸಾಕಾಗುವಷ್ಟು.

ಎದುರುಮನೆಯವಳ ಹಗ್ಗ ಹಾಗಲ್ಲ.

ಎದುರುಮನೆಯವಳ ಹಗ್ಗ ಒಂದು ಗೂಟದಿಂದ ಇನ್ನೊಂದು ಗೂಟಕ್ಕೆ ತುಂಬಿ, ಮಡಿಚಿ ಹಾಕಿದರೂ ಜಾಗ ಸಾಲದೆ ಪಕ್ಕದ ಬೇಲಿಗೂ ಹರಡುತ್ತಿತ್ತು. ಗಾಳಿ ಬಂದಾಗ ಅಷ್ಟೂ ಬಟ್ಟೆ ಒಟ್ಟಿಗೆ ಪಟಪಟ ಎನ್ನುತ್ತಿತ್ತು. ಆ ಸದ್ದು ಪರವೂರಿನವಳ ಕಿವಿಯಲ್ಲಿ ಮುಂದಿನ ಮರಳುವ ದಿನದವರೆಗೂ ಉಳಿಯುತ್ತಿತ್ತು. ಮುದ್ದೆ ತಿರುವುವಾಗ ಪಟಪಟ. ಲಾಳಿ ಎಸೆಯುವಾಗ ಪಟಪಟ. ಊರಿನವರು ಆ ಹಗ್ಗದ ಕೆಳಗೆ ನಿಂತು, "ಕೈ ಅಂದರೆ ಕೈ ನಿನ್ನದು ತಾಯಿ" ಎಂದು ಎದುರುಮನೆಯವಳನ್ನು ಹೊಗಳಿ, ಹಾಗೇ ತಿರುಗಿ ಈಚೆ ಹಗ್ಗದ ತುಂಡನ್ನು ನೋಡಿ, ಏನೂ ಅನ್ನದೆ ಹೋಗುತ್ತಿದ್ದರು. ಆ ಏನೂ ಅನ್ನದಿರುವುದೇ ಅವಳಿಗೆ ತಿಗಣೆಯ ಹಾಗೆ ಕಚ್ಚುತ್ತಿತ್ತು. ತನ್ನ ಹಗ್ಗವೂ ಒಮ್ಮೆ ತುಂಬಲಿ, ಅಂದಾದರೂ ಇವರು ತನ್ನನ್ನು ಬೇರೆ ಹೆಸರಿನಿಂದ ಕರೆದಾರು ಎಂದುಕೊಳ್ಳುತ್ತಿದ್ದಳು.

ಅವಳ ನಿಟ್ಟುಸಿರು ಕೇಳಿ ಅತ್ತೆ ಒಳಗಿನಿಂದ ಕೂಗುತ್ತಿದ್ದಳು. "ಏ ಹುಡುಗಿ, ಆ ನಿನ್ನ ಹೊಟ್ಟೆಕಿಚ್ಚಿನ ಮೇಲೆ ಒಂದು ಗಡಿಗೆ ನೀರಾದರೂ ಇಡೇ. ನನ್ನ ಕಾಲಿಗೆ ಕಾವು ಕೊಟ್ಟ ಹಾಗಾಗುತ್ತೆ, ಸೌದೆಯೂ ಉಳಿಯುತ್ತೆ."

"ನಿಮಗೇನು ಅತ್ತೆ, ಒಳಗೆ ಮಲಗಿರ್ತೀರಿ. ಬೀದಿಯಲ್ಲಿ ತಲೆಯೆತ್ತಿ ನಡೆಯೋಳು ನಾನು."

"ತಲೆ ಎತ್ತಬೇಡ ಕಣೇ. ಮುಂದೆ ನೋಡಿಕೊಂಡು ನಡಿ. ಎಡವಿ ಬೀಳೋದು ತಪ್ಪುತ್ತೆ."

ಒಂದು ಸಂಜೆ ಬಟ್ಟೆ ಹಾಸಿ ಕಾಯುತ್ತ ನಿಂತಿದ್ದಾಗ ಕತ್ತರಿಯವನು ಮೊದಲು ಎದುರುಮನೆಗೆ ಹೋದ. ಗಾಳಿ ಈಚೆಗೆ ಬೀಸುತ್ತಿತ್ತು. ಮಾತು ಸ್ಪಷ್ಟವಾಗಿ ಕೇಳಿಸಿತು.

"ಮನೆಗೆ ತಲೆ ಎಷ್ಟು?"

"ಒಂದೇ ತಲೆ."

ಪರವೂರಿನವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆ ಮನೆಯಲ್ಲಿ ಗಂಡನಿದ್ದಾನೆ, ಮನೆ ತುಂಬ ಮಕ್ಕಳಿದ್ದಾರೆ, ಮಕ್ಕಳಿಗೊಂದೊಂದು ಪುಟ್ಟ ಮಗ್ಗವಿದೆ. ಕತ್ತರಿಯವನ ಹೆಬ್ಬೆರಳು ಕೋಲಿನ ತುದಿಗೆ ಏರಿತು. ಕತ್ತರಿ ಬಹಳ ಹೊತ್ತು ನಡೆಯಿತು. ಅವನು ಬೀದಿ ದಾಟಿ ಬಂದಾಗ ಅವಳು ತಡೆಯಲಾರದೆ ಕೇಳಿದಳು.

"ಅಣ್ಣಾ, ಆಯಮ್ಮ ಅಷ್ಟೊಂದು ಮಕ್ಕಳನ್ನು ಇಟ್ಟುಕೊಂಡು ಒಂದೇ ತಲೆ ಅಂದಳಲ್ಲ, ಅದು ತಪ್ಪಲ್ಲವೇ?"

ಕತ್ತರಿಯವನು ನಕ್ಕ. "ತಪ್ಪೇನವ್ವಾ? ಹೆಚ್ಚು ಕೊಡೋರನ್ನ ಯಾವ ಚಾವಡಿ ದಂಡಿಸುತ್ತೆ? ಮರಳುವ ದಿನ ಹಿರಿಯರು ತಲೆ ನೋಡಿ ಹೆಚ್ಚಿನದನ್ನೆಲ್ಲ ಮರಳಿಸ್ತಾರೆ. ಅವಳದು ಅವಳಿಗೇ ಹೋಗುತ್ತೆ."

ಅವಳದು ಅವಳಿಗೇ. ಪರವೂರಿನವಳ ಕಿವಿಗೆ ಬಿದ್ದದ್ದು ಆ ಮಾತಲ್ಲ, ಪಟಪಟ ಸದ್ದು. ಇಷ್ಟೇನಾ ಗುಟ್ಟು, ಇಷ್ಟಕ್ಕೆ ನಾನು ಇಷ್ಟು ವರ್ಷ ಬೆಂದೆನೇ ಎಂದುಕೊಂಡಳು.

"ಮನೆಗೆ ತಲೆ ಎಷ್ಟು?" ಕತ್ತರಿಯವನು ಕೇಳಿದ.

ಅವಳು ಗಂಟಲು ಸರಿಮಾಡಿಕೊಂಡಳು. "ಒಂದೇ ತಲೆ."

ಒಳಗಿನಿಂದ ಅತ್ತೆಯ ದನಿ ಬಂತು. "ಏನೇ, ನಾನು ಯಾವಾಗ ಸತ್ತೆ? ಮೊದಲೇ ಹೇಳಿದ್ದರೆ ಅಳೋಕೆ ನಾಲ್ಕು ಜನರನ್ನ ಕರೆಸಿಕೊಳ್ತಿದ್ದೆನಲ್ಲ!"

ಕತ್ತರಿಯವನು ನಕ್ಕ, ಅವಳೂ ನಕ್ಕಳು. ಹೆಬ್ಬೆರಳು ಮೇಲೇರಿತು. ಊರಿನದು ಊರಿಗೆ. ಉಳಿದದ್ದು ಉಸಿರಿಗೆ. ಅಂದು ಉಳಿದದ್ದು ಗೇಣಗಲ ಬಟ್ಟೆ.

ಆ ಊರಿನಲ್ಲಿ ಒಂದು ಹಳೆಯ ಮಾತಿತ್ತು. ಹೊಸ್ತಿಲಲ್ಲಿ ಹೇಳದ ತಲೆ ಮನೆಯಲ್ಲಿ ಅರ್ಧವೇ ಇರುತ್ತದೆ ಎಂದು. ಅಲ್ಲಿ ಹುಟ್ಟಿದವರು ಅದನ್ನು ತಾಯಹಾಲಿನ ಜೊತೆ ಕುಡಿದಿದ್ದರು. ಪರವೂರಿನವಳು ಕೇಳಿದ್ದಳು, ಆದರೆ ಗಾದೆಯನ್ನು ಕೇಳುವ ಹಾಗೆ ಕೇಳಿದ್ದಳು.

ಸಂಜೆಗಳು ಬಂದವು, ಸಂಜೆಗಳು ಹೋದವು. ಒಂದೇ ತಲೆ. ಒಂದೇ ತಲೆ. ಮೊದಲು ಗಂಡನ ಹೆಜ್ಜೆಯ ಸದ್ದು ಹೋಯಿತು. ಅವನು ಒಳಗೆ ಬಂದದ್ದು ಅವಳಿಗೆ ತಿಳಿಯುತ್ತಿರಲಿಲ್ಲ. ಬಡಿಸಿಟ್ಟ ತಟ್ಟೆ ಖಾಲಿಯಾದಾಗ ಬಂದಿದ್ದನೆಂದು ಗೊತ್ತಾಗುತ್ತಿತ್ತು. ಆಮೇಲೆ ಅತ್ತೆಯ ಚಾಪೆ. ಮುದುಕಿ ಎದ್ದು ಕೂತರೆ ಚಾಪೆಯಲ್ಲಿ ಮೈಯ ಗುರುತು ಮೂಡುತ್ತಿರಲಿಲ್ಲ. ಆಮೇಲೆ ಅವಳ ದನಿ. ಅಟ್ಟ ಹಾರಿಹೋಗುವಂತೆ ಕೂಗುತ್ತಿದ್ದವಳ ಮಾತು ಪಕ್ಕದ ಕೋಣೆಯಿಂದ ಬಂದಂತೆ, ಆಮೇಲೆ ಪಕ್ಕದ ಮನೆಯಿಂದ ಬಂದಂತೆ ಕೇಳತೊಡಗಿತು.

"ಕೌದಿ ಹರಿದಿದೆ ಕಣೇ," ಎನ್ನುತ್ತಿತ್ತು ಆ ದನಿ. "ಚಳಿ ಬರ್ತಾ ಇದೆ."

"ಸ್ವಲ್ಪ ದಿನ ತಡೀರಿ ಅತ್ತೆ. ಮರಳುವ ದಿನ ಬರಲಿ. ನಿಮಗೆ ಒಂದಲ್ಲ, ಎರಡು ದುಪ್ಪಟಿ ಮಾಡಿಕೊಡ್ತೀನಿ."

"ಚಳಿಗೆ ಹೇಳು, ಅದೂ ಅಲ್ಲೀವರೆಗೂ ತಡೆದುಕೊಳ್ಳಲಿ."

ಅವಳು ನಗಲಿಲ್ಲ. ಅವಳ ಕಣ್ಣು ಕಿಟಕಿಯಾಚೆ ಎದುರುಮನೆಯ ಖಾಲಿ ಹಗ್ಗದ ಮೇಲಿತ್ತು. ಖಾಲಿ ಹಗ್ಗವನ್ನೂ ಅಸೂಯೆಯಿಂದ ನೋಡಬಹುದೆಂದು ಅವಳಿಗೆ ಗೊತ್ತಾಗಿತ್ತು. ಅದರ ಮೇಲೆ ಬರಲಿರುವ ಬಟ್ಟೆಯನ್ನು ಮನಸ್ಸಿನಲ್ಲೇ ಹರವುವಳು, ತನ್ನ ಹಗ್ಗದ ಬಟ್ಟೆಯನ್ನು ಅದರ ಪಕ್ಕದಲ್ಲಿ ಹರವುವಳು, ಇನ್ನೂ ಸಾಲದು ಎನ್ನುವಳು. ಎದುರುಮನೆಯವಳು ಕೊಡ ಹಿಡಿದು ಹೊರಟರೆ ಅವಳ ನಡಿಗೆಯನ್ನು ನೋಡುವಳು. ಅವಳ ಸೆರಗು ಹಳೆಯದಾಗಿದ್ದರೆ, ಎಷ್ಟಿದ್ದರೂ ಬಡವಳಂತೆ ನಟಿಸುತ್ತಾಳೆ ಎಂದುಕೊಳ್ಳುವಳು. ಕತ್ತರಿಯವನು ಹೋದ ಮೇಲೆ ಎದುರುಮನೆಯ ಬಾಗಿಲು ಮುಚ್ಚಿ, ಒಳಗಿನಿಂದ ಏನೋ ಗುನುಗುವ ಸದ್ದು ಬರುತ್ತಿತ್ತು. ಸಂತೋಷ ಹೆಚ್ಚಾಗಿ ಹಾಡಿಕೊಳ್ಳುತ್ತಾಳೆ ಎಂದು ಪರವೂರಿನವಳು ತನ್ನ ಬಾಗಿಲನ್ನು ದಡಾರನೆ ಹಾಕಿಕೊಳ್ಳುವಳು.

ಚಳಿ ನಡುಮಧ್ಯಕ್ಕೆ ಬಂದಾಗ ಡಂಗುರದವನು ಬಂದ.

"ಕೇಳ್ರಪ್ಪೋ ಕೇಳಿ! ಚಾವಡಿಯ ಹೊಸ ಕಟ್ಟಳೆ! ಇವತ್ತಿನಿಂದ ಹೊಸ್ತಿಲಲ್ಲಿ ತಲೆ ಕೇಳೋದಿಲ್ಲ. ಮರಳುವ ದಿನವೂ ತಲೆ ನೋಡೋದಿಲ್ಲ. ಒಂದು ಮಗ್ಗಕ್ಕೆ ಇಷ್ಟು ಅಂತ ಚಪ್ಪರಕ್ಕೆ ಸಲ್ಲಬೇಕು. ಸಂಜೆಯ ಕೋಲನ್ನ ಗಿಡ್ಡ ಮಾಡಿದ್ದೇವೆ. ದಿನದ ಬಟ್ಟೆ ಹೆಚ್ಚು ನಿಮ್ಮ ಕೈಯಲ್ಲೇ ಉಳಿಯುತ್ತೆ. ಸಂತೋಷಪಡ್ರಪ್ಪೋ!"

ಜನ ಸಂತೋಷಪಟ್ಟರು. ಒಬ್ಬ ಮುದುಕ ಮಾತ್ರ ಊರುಗೋಲು ಎತ್ತಿ ಕೇಳಿದ, "ಹಾಗಾದರೆ ಮರಳುವ ದಿನ ನಮಗೆ ಎಷ್ಟು ಬರುತ್ತಯ್ಯಾ?"

"ಕೊಡದೇ ಇದ್ದದ್ದನ್ನ ಮರಳಿ ಕೇಳಿದರೆ ಹೇಗಜ್ಜಾ?" ಎಂದ ಡಂಗುರದವನು. ಎಲ್ಲರೂ ಗೊಳ್ಳೆಂದು ನಕ್ಕರು. ಮಾತು ಒಳ್ಳೆಯ ತಮಾಷೆಯಾಗಿತ್ತು, ಯಾರಿಗೂ ಅರ್ಥವಾಗಲಿಲ್ಲ.

ಅಂದು ಸಂಜೆ ಕತ್ತರಿಯವನು ಹೊಸ ಕೋಲು ತಂದ. ಮೊಳಕೈಯಿಂದ ಮಣಿಕಟ್ಟಿನವರೆಗಿನಷ್ಟು ಉದ್ದ. ಏನನ್ನೂ ಕೇಳದೆ, ಹೆಬ್ಬೆರಳನ್ನು ಎಲ್ಲೂ ಇಡದೆ, ಕೋಲನ್ನು ಬಟ್ಟೆಯ ಮೇಲೆ ಇಟ್ಟು ಕತ್ತರಿಸಿದ. ಹೊಸ್ತಿಲ ಮೇಲೆ ಬಹಳ ಬಟ್ಟೆ ಉಳಿಯಿತು. ಪರವೂರಿನವಳು ಅದನ್ನು ನೋಡಿದಳು. ಅತ್ತೆಯ ಹರಿದ ಕೌದಿ ಒಂದು ಕ್ಷಣ ಕಣ್ಣಮುಂದೆ ಬಂತು. ಅದರ ಹಿಂದೆಯೇ ಹಗ್ಗ ಬಂತು, ಬರಿಯ ಹಗ್ಗ. ಚಳಿಯೆಲ್ಲ ಕಷ್ಟಪಟ್ಟು ಕೊಟ್ಟದ್ದು ನಡುದಾರಿಯಲ್ಲಿ ನಿಂತುಹೋಗುತ್ತದಲ್ಲ ಎನಿಸಿತು.

"ಅಣ್ಣಾ, ನನಗೆ ಹಳೆಯ ಕೋಲಿನಲ್ಲೇ ಕತ್ತರಿಸು."

"ಯಾಕವ್ವಾ? ಕೇಳದೇ ಇದ್ದದ್ದನ್ನ ಕೊಡ್ತೀಯಾ?"

"ಕೊಡಬಾರದು ಅಂತ ಕಟ್ಟಳೆ ಇದೆಯೇ?"

ಕತ್ತರಿಯವನು ತಲೆ ಕೆರೆದುಕೊಂಡ. "ಕೊಡೋ ಕೈ ಹಿಡಿಯೋ ಕಟ್ಟಳೆ ಇಲ್ಲಪ್ಪ." ಹೊಸ ಕೋಲನ್ನೇ ಮತ್ತೆ ಮತ್ತೆ ಇಟ್ಟು ಅಳೆದು, ಹಳೆಯ ಉದ್ದಕ್ಕೇ ಕತ್ತರಿಸಿದ.

ಅಂದಿನಿಂದ ಊರಿನ ಕಿಟಕಿಗಳಿಗೆ ಹೊಸ ಪರದೆಗಳು ಬಂದವು, ಮಕ್ಕಳಿಗೆ ಹೊಸ ಅಂಗಿಗಳು ಬಂದವು. ಅವಳ ಮನೆಗೆ ಮಾತ್ರ ಗೇಣಗಲ ಉಳಿಯುತ್ತಿತ್ತು. ಒಂದು ಸಂಜೆ ಒಳಗಿನಿಂದ ಅತ್ತೆಯ ದನಿ ಏನೋ ಹೇಳಿತು. ಬಾವಿಯ ತಳದಿಂದ ಹೇಳಿದಂತಿತ್ತು.

"ಏನಂದ್ರಿ ಅತ್ತೆ?"

"ಇನ್ನು ಮೇಲೆ ತಲೆ ಕೇಳಲ್ವಂತಲ್ಲೇ," ಎಂದಿತು ದನಿ. "ಈ ವರ್ಷ ಕಳೀಲಿ, ಮುಂದಿನ ವರ್ಷ ಮೂರು ಅಂತೀಯ ಅಂದುಕೊಂಡಿದ್ದೆ."

ಆಗ ಅವಳಿಗೆ ಎದೆಯಲ್ಲಿ ಏನೋ ಜಾರಿತು. ಹಗ್ಗವೊಮ್ಮೆ ತುಂಬಲಿ, ಆಮೇಲೆ ಮೂರು ತಲೆ ಎಂದುಬಿಡುತ್ತೇನೆ, ಎಲ್ಲ ಮೊದಲಿನಂತಾಗುತ್ತದೆ ಎಂದು ಅವಳೂ ಅಂದುಕೊಂಡಿದ್ದಳು. ಈಗ ಕೇಳುವವರೇ ಇಲ್ಲ. ಆದರೆ ಗಾಳಿ ತಿರುಗುವ ಕಾಲ ಹತ್ತಿರ ಬಂದಿತ್ತು. ಅವಳು ಜಾರಿದ್ದನ್ನು ಮೇಲೆಳೆದುಕೊಂಡು ಮಗ್ಗದ ಮುಂದೆ ಕೂತಳು.

ಮರಳುವ ದಿನ ಬಂತು.

ಹಿರಿಯ ಬೀದಿಯ ತುದಿಯಿಂದ ಬಂದ. ಮನೆಯ ಮುಂದೆ ನಿಂತು ತಲೆಗಳನ್ನು ನೋಡಲಿಲ್ಲ, ಮಗ್ಗಗಳನ್ನು ನೋಡಿದ. ಒಂದೊಂದೇ ಮನೆಯ ಹಗ್ಗ ಬರಿದಾಗಿಯೇ ಉಳಿಯುತ್ತ ಬಂತು. ಹೊಸ ಪರದೆಯ ಹಿಂದೆ ನಿಂತು ಹೆಂಗಸರು ಅತ್ತರು. "ಊರು ನಮ್ಮನ್ನು ಮರೆಯಿತು" ಎಂದು ಒಬ್ಬ ಗಂಡಸು ಹೊಸ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡ. ಮರಳಿ ಬರಬೇಕಿದ್ದ ಬಟ್ಟೆ ಆ ಅಂಗಿಯಾಗಿ ಆಗಲೇ ಅವನ ಮೈಮೇಲಿತ್ತು. ಅದನ್ನು ಯಾರೂ ಅವನಿಗೆ ಹೇಳಲಿಲ್ಲ.

ಪರವೂರಿನವಳ ಮನೆಗೆ ಒಂದೇ ಮಗ್ಗ. ಕೊಟ್ಟದ್ದು ಹೊರೆ ಹೊರೆ. ಹಿರಿಯನ ಜೊತೆಯವರು ಬಟ್ಟೆಯನ್ನು ಹೊತ್ತು ತಂದು ಹಾಕುತ್ತಲೇ ಇದ್ದರು. ಹಗ್ಗ ತುಂಬಿತು. ಮಡಿಚಿ ಹಾಕಿದಳು. ಮತ್ತೂ ತುಂಬಿ ನೆಲಕ್ಕೆ ಇಳಿಯಿತು. ಗೂಟ ಬಾಗಿತು. ಗಾಳಿ ಬಂತು. ಪಟಪಟ, ಪಟಪಟ. ಇಡೀ ಊರಿನಲ್ಲಿ ಆ ಸದ್ದು ಅದೊಂದು ಮನೆಯ ಮುಂದೆ ಮಾತ್ರ. ಜನ ಬಂದು ಸುತ್ತಲೂ ನಿಂತರು. ಬಾಯಿ ಬಿಟ್ಟು ನೋಡಿದರು. ಅವಳು ಕಾದಳು.

"ನೋಡಿದಿರಾ," ಎಂದರು ಜನ, "ಪರವೂರಿನವಳ ಹಗ್ಗ!"

ಅದೇ ಹೆಸರು. ಅವಳ ಮುಖ ಸ್ವಲ್ಪ ಬಾಡಿತು. ಆದರೆ ಬೀದಿಯಾಚೆ ನೋಡಿದಾಗ ಮತ್ತೆ ಅರಳಿತು. ಎದುರುಮನೆಯವಳ ಹಗ್ಗ ಬರಿದಾಗಿತ್ತು. ಬರಿದಾಗಿರುವುದಷ್ಟೇ ಅಲ್ಲ, ಹಿರಿಯ ಆ ಮನೆಯ ಮುಂದೆ ನಿಂತು ಒಂದೊಂದೇ ಪುಟ್ಟ ಮಗ್ಗವನ್ನು ಬೆರಳಿನಿಂದ ತೋರಿಸುತ್ತಿದ್ದ. ಮಕ್ಕಳ ತಲೆ ಈಗ ಲೆಕ್ಕಕ್ಕಿಲ್ಲ, ಮಕ್ಕಳ ಮಗ್ಗ ಲೆಕ್ಕಕ್ಕಿತ್ತು. ಕೊರತೆ ಬಿದ್ದಿತ್ತು. ಕತ್ತರಿಯವನು ತಲೆ ತಗ್ಗಿಸಿಕೊಂಡು ಒಳಗೆ ಹೋದ. ಒಳಗೆ ಕತ್ತರಿಯ ಸದ್ದಾಯಿತು. ಮಕ್ಕಳ ಹೊದಿಕೆಗಳ ತುಂಡುಗಳನ್ನು ಹೆಗಲಿಗೆ ಹಾಕಿಕೊಂಡು ಹೊರಬಂದ. "ಊರಿನದು ಊರಿಗೆ," ಎಂದ, ಯಾರಿಗೂ ಕೇಳಿಸದಂತೆ.

ಪರವೂರಿನವಳು ಬೀದಿ ದಾಟಿದಳು. ಇಷ್ಟು ವರ್ಷ ಅವಳು ಆ ಹೊಸ್ತಿಲಿಗೆ ಹೋದವಳಲ್ಲ. ಎದುರುಮನೆಯವಳು ಗೂಟಕ್ಕೆ ಒರಗಿ ನಿಂತು ಈಚೆಯ ಹಗ್ಗವನ್ನೇ ನೋಡುತ್ತಿದ್ದಳು. ಆ ನೋಟವನ್ನು ಪರವೂರಿನವಳು ಬಲ್ಲಳು. ನೀರಿನಲ್ಲಿ ತನ್ನ ಮುಖ ಕಂಡಂತಾಯಿತು. ಆದರೂ ನಾಲಿಗೆ ನಿಲ್ಲಲಿಲ್ಲ.

"ಹಗ್ಗ ತುಂಬಿತೇ ಅಕ್ಕಾ?"

ಎದುರುಮನೆಯವಳು ಬೈಯಲಿಲ್ಲ. "ನೀನೂ ಒಂದೇ ತಲೆ ಅಂತಿದ್ದೆ, ಅಲ್ವಾ ತಂಗಿ?" ಎಂದಳು. "ಗಾಳಿ ಆ ಕಡೆಯಿಂದ ಬೀಸಿದಾಗ ನನಗೂ ಕೇಳಿಸ್ತಿತ್ತು. ನಿನಗೇನು ಬಂದಿತ್ತು ಅಂಥದ್ದು? ನನ್ನ ಗಂಡನನ್ನ ನೀನು ಬಲ್ಲೆ. ಮನೇಲಿ ಉಳಿದದ್ದೆಲ್ಲ ಪಗಡೆ ಕಟ್ಟೆಗೆ ಹೋಗುತ್ತೆ. ಅವನ ಕೈ ಮುಟ್ಟದ ಪೆಟ್ಟಿಗೆ ಅಂದ್ರೆ ಚಾವಡಿ ಒಂದೇ. ಅದಕ್ಕೇ ಅಲ್ಲಿ ಇಡ್ತಿದ್ದೆ, ವರ್ಷಕ್ಕೊಮ್ಮೆ ಮಕ್ಕಳಿಗೆ ಅಂತ ತಗೊಳ್ತಿದ್ದೆ. ಈ ಸಲ ಕೋಲು ಗಿಡ್ಡವಾಯ್ತು. ದಿನಾ ಉಳಿದದ್ದನ್ನ ದಿನಾ ಒಯ್ದ. ನಿನ್ನ ಮನೇಲಿ ಪಗಡೆ ಆಡೋರು ಯಾರಿದ್ದಾರೆ?"

ಪರವೂರಿನವಳು ಬಾಗಿಲಿಗೆ ಸರಿದಳು. ಆ ಮನೆಯೊಳಗೆ ಇಣುಕಿದಳು. ಮಕ್ಕಳು ಕತ್ತರಿಸಿದ ಹೊದಿಕೆಗಳಲ್ಲಿ ಕಾಲು ಮುದುರಿ ಕೂತು ಒಬ್ಬರನ್ನೊಬ್ಬರು ಚಿವುಟುತ್ತಿದ್ದರು, ಕಿರುಚುತ್ತಿದ್ದರು. ಚಾಪೆ ಅವರ ಕೆಳಗೆ ಚೆನ್ನಾಗಿ ತಗ್ಗಾಗಿತ್ತು. ಅವರ ದನಿ ಮಾಡನ್ನು ಮುಟ್ಟುತ್ತಿತ್ತು.

"ಇವರು..." ಎಂದಳು ಪರವೂರಿನವಳು. "ಇಷ್ಟು ವರ್ಷ ಇವರ ತಲೆ ನೀನು ಹೇಳಲೇ ಇಲ್ಲ. ಇವರು ಹೇಗೆ ಹೀಗೇ ಇದ್ದಾರೆ?"

"ಹೊರಗೆ ಒಂದು ಅಂದೆ. ಬಾಗಿಲು ಹಾಕಿಕೊಂಡು ಒಳಗೆ ಹೋಗಿ ಎಣಿಸಿದೆ." ಎದುರುಮನೆಯವಳು ಕೈಯನ್ನು ಗಾಳಿಯಲ್ಲಿ ಒಂದೊಂದೇ ತಲೆಯ ಮೇಲೆ ಇಟ್ಟಂತೆ ಇಟ್ಟು ತೋರಿಸಿದಳು. "ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು, ಬಾಯಿಬಿಟ್ಟು. ದಿನಾ. ಇಲ್ಲಿ ಹಸುಗೂಸಿಗೂ ಗೊತ್ತಿರೋ ವಿಷಯ ಇದು. ಯಾಕೆ, ನೀನು ಎಣಿಸಲಿಲ್ವಾ?"

ಅದು ಹಾಡಾಗಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಕೇಳುತ್ತಿದ್ದ ಗುನುಗು ಹಾಡಾಗಿರಲಿಲ್ಲ.

ಪರವೂರಿನವಳು ಓಡಿದಳು. ಹೊತ್ತು ಇನ್ನೂ ಇಳಿದಿರಲಿಲ್ಲ, ಹಗ್ಗದ ಬಟ್ಟೆಯನ್ನು ಮುಟ್ಟುವಂತಿರಲಿಲ್ಲ. ಊರೆಲ್ಲ ನೋಡುತ್ತಿದ್ದಂತೆಯೇ ಅದನ್ನು ಬಾಚಿ ಎಳೆದಳು. ಗೂಟ ಕಿತ್ತುಬಂತು. ತಬ್ಬಿದಷ್ಟನ್ನು ತಬ್ಬಿಕೊಂಡು ಒಳಗೆ ಹೋದಳು.

ಒಳಕೋಣೆಯಲ್ಲಿ ಚಾಪೆಯ ಮೇಲೆ ಹರಿದ ಕೌದಿ ಇತ್ತು. ಕೌದಿ ಚಪ್ಪಟೆಯಾಗಿತ್ತು. ಅವಳು ಮಂಡಿಯೂರಿ ತಡಕಿದಳು. ದಿಂಬಿನ ಮೇಲೆ ಹತ್ತಿಯಷ್ಟು ಹಗುರಾದ ಕೂದಲು ಕೈಗೆ ತಾಕಿತು, ಅದರ ಕೆಳಗೆ ತಣ್ಣಗಿನ ಹಣೆ. ಅಂಗೈಯನ್ನು ಅಲ್ಲೇ ಒತ್ತಿಹಿಡಿದು "ಒಂದು" ಎಂದಳು. "ಒಂದು, ಅತ್ತೆ. ಒಂದು. ಒಂದು."

"ಎಷ್ಟು ಸಲ ಒಂದು ಅಂತೀಯೇ," ಎಂದಿತು ದನಿ. ಅದು ಈಗ ಕೋಣೆಯಲ್ಲೇ ಇತ್ತು. "ಮುಂದಿನ ಎಣಿಕೆ ಬರಲ್ವಾ? ನಿನ್ನ ತವರಲ್ಲಿ ಅಷ್ಟೂ ಕಲಿಸಲಿಲ್ವಾ?"

ಅವಳು ಅತ್ತಳು, ನಕ್ಕಳು. ಬಟ್ಟೆಯನ್ನು ಪದರ ಪದರವಾಗಿ ಹೊದಿಸಿದಳು. ಹೊದಿಸಿದ ಹಾಗೆ ಕೆಳಗೆ ಒಂದು ಮೈಯ ಆಕಾರ ಮೂಡಿತು, ಭುಜ ಮೂಡಿತು, ಮುದುರಿದ ಮಂಡಿ ಮೂಡಿತು. ಅತ್ತೆಯ ಕೈ ಹೊರಗೆ ಬಂದು ಬಟ್ಟೆಯ ಅಂಚನ್ನು ಸವರಿತು.

"ಎಲ್ಲಿತ್ತೇ ಇದು ಇಷ್ಟು ದಿನ?"

"ಚಾವಡಿಯಲ್ಲಿತ್ತು ಅತ್ತೆ. ಇವತ್ತು ಮರಳಿ ಕೊಟ್ಟರು."

ಬೆರಳುಗಳು ಅಂಚಿನ ಉದ್ದಕ್ಕೂ ನಡೆದು ಒಂದು ಕಡೆ ನಿಂತವು. ಅಲ್ಲೊಂದು ಪುಟ್ಟ ಗಂಟಿತ್ತು, ಆ ಊರಿನಲ್ಲಿ ಬೇರೆ ಯಾರೂ ಹಾಕದ ಗಂಟು. ಅವಳು ತವರಿನಿಂದ ಕೈಯಲ್ಲಿ ತಂದದ್ದು.

"ಇದು ನಿನ್ನ ಗಂಟಲ್ವೇನೇ? ನಮ್ಮದೇ ಬಟ್ಟೆ ಇದು." ಕಿಟಕಿಯಿಂದ ಬೆಚ್ಚನೆಯ ಗಾಳಿ ಬಂತು, ಬೇಸಿಗೆಯ ಮೊದಲ ಗಾಳಿ. "ಚಳಿಯಲ್ಲಿ ಇದ್ದಿದ್ದರೆ ಹೊದ್ದುಕೊಳ್ತಿದ್ದೆ," ಎಂದಳು.

ಸಂಜೆಗೆ ಮುಂಚೆ ಬಟ್ಟೆಯ ಕೆಳಗಿನ ಆಕಾರ ಮೆಲ್ಲಗೆ ಇಳಿಯಿತು, ನೀರು ಇಂಗಿದ ಹಾಗೆ. ಪರವೂರಿನವಳು ಅಂಗೈಯನ್ನು ದಿಂಬಿನ ಮೇಲಿನಿಂದ ತೆಗೆಯಲಿಲ್ಲ. ಅತ್ತೆಯನ್ನು ಅದೇ ಬಟ್ಟೆಯಲ್ಲಿ ಕಳಿಸಿಕೊಟ್ಟರು. ಅಷ್ಟು ದೊಡ್ಡ ಹೊದಿಕೆಯಲ್ಲಿ ಹೋದವರನ್ನು ಊರು ನೋಡಿರಲಿಲ್ಲ. ಜನ ಅದನ್ನೂ ಹೊಗಳಿದರು.

ಮಣ್ಣು ಮುಗಿಸಿ ಬಂದು ಅವಳು ಹೊಸ್ತಿಲ ಮೇಲೆ ಕೂತಿದ್ದಳು. ಮಿಕ್ಕ ಬಟ್ಟೆ ಅಂಗಳದಲ್ಲಿ ರಾಶಿ ಬಿದ್ದಿತ್ತು. ನೋಡುತ್ತಿದ್ದಂತೆ ಆ ರಾಶಿ ತಾನಾಗಿ ಎದ್ದಿತು. ಎದ್ದು, ನೆಲದಿಂದ ಎದೆಯೆತ್ತರದಲ್ಲಿ ನಿಂತು, ಸದ್ದಿಲ್ಲದೆ ಬೀದಿ ದಾಟತೊಡಗಿತು. ಅವಳಿಗೆ ಮೊದಲು ದಿಗಿಲಾಯಿತು. ಆಮೇಲೆ ತಿಳಿಯಿತು. ಅದು ಅವಳ ಗಂಡ. ಅವನನ್ನೂ ಅವಳು ಎಣಿಸಿರಲಿಲ್ಲ. ಬಟ್ಟೆ ಎದುರುಮನೆಯ ಹೊಸ್ತಿಲಿಗೆ ಹೋಗಿ ಇಳಿಯಿತು. ಬಾಗಿಲು ತೆರೆಯಿತು, ಪುಟ್ಟ ಪುಟ್ಟ ಕೈಗಳು ಅದನ್ನು ಒಳಗೆ ಎಳೆದುಕೊಂಡವು. ತಡೆಯಲು ಬಾಯಿ ತೆರೆದಳು. ಆದರೆ ಎದ್ದು ಹೋಗಿ, ಕಿತ್ತುಬಂದಿದ್ದ ಗೂಟವನ್ನು ಮತ್ತೆ ನೆಟ್ಟಳು.

ಆಮೇಲೆಯೂ ಸಂಜೆಗಳು ಬಂದವು. ಕತ್ತರಿಯವನು ಗಿಡ್ಡ ಕೋಲು ಹಿಡಿದು ಬರುತ್ತಾನೆ, ಏನನ್ನೂ ಕೇಳುವುದಿಲ್ಲ, ಕತ್ತರಿಸುತ್ತಾನೆ. ಊರಿನದು ಊರಿಗೆ. ಉಳಿದದ್ದು ಉಸಿರಿಗೆ. ಅವಳು ಬಾಗಿಲು ಹಾಕಿಕೊಂಡು ಒಳಗೆ ಬರುತ್ತಾಳೆ. ಗಂಡ ಗೋಡೆಗೆ ಒರಗಿ ಕೂತಿರುತ್ತಾನೆ, ಮೊದಮೊದಲು ಹೊಗೆಯಂತೆ, ಆಮೇಲೆ ನೆರಳಿನಂತೆ, ಈಗೀಗ ಗಂಡಸಿನಂತೆ. ಅವನ ತಲೆಯ ಮೇಲೆ ಕೈಯಿಟ್ಟು "ಒಂದು" ಎನ್ನುತ್ತಾಳೆ. ಒಳಕೋಣೆಗೆ ಹೋಗಿ ದಿಂಬಿನ ಮೇಲೆ ಕೈಯಿಟ್ಟು "ಎರಡು" ಎನ್ನುತ್ತಾಳೆ. ತನ್ನ ನೆತ್ತಿಯ ಮೇಲೆ ಇಟ್ಟುಕೊಂಡು "ಮೂರು" ಎನ್ನುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ಎದುರುಮನೆಯಲ್ಲಿ ಮುಗಿದಿರುವುದಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಆ ಗುನುಗು ಮೂರನ್ನು ದಾಟುತ್ತದೆ, ನಾಲ್ಕನ್ನು ದಾಟುತ್ತದೆ, ನಡುವೆ ಯಾವುದೋ ಮಗು ಕಿಲಕಿಲ ನಗುತ್ತದೆ, ಎಣಿಕೆ ತಪ್ಪುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪರವೂರಿನವಳು ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಾಳೆ. ಬೀದಿಯಲ್ಲಿ ಎರಡೂ ಹಗ್ಗಗಳು ಬರಿದಾಗಿ ಒಂದೇ ಗಾಳಿಗೆ ಆಡುತ್ತಿರುತ್ತವೆ. ಅವಳು ಅವುಗಳನ್ನು ನೋಡುವುದಿಲ್ಲ. ಹಳೆಯ ಕಿಚ್ಚು ಹಳೆಯ ಜಾಗದಲ್ಲೇ ಹೊತ್ತಿಕೊಳ್ಳುತ್ತದೆ.

ಒಂದು ಸಂಜೆ ಅವಳು ಸರಸರನೆ ತಿರುಗಿ ಬಂದು ಮತ್ತೆ ಗಂಡನ ತಲೆಯ ಮೇಲೆ ಕೈಯಿಟ್ಟಳು. "ನಾಲ್ಕು," ಎಂದಳು.

"ನನ್ನನ್ನ ಆಗಲೇ ಎಣಿಸಿದೆಯಲ್ಲ?" ಎಂದ ಅವನು. ದನಿ ಚೆನ್ನಾಗಿಯೇ ಕೇಳಿಸಿತು.

"ಸುಮ್ಮನಿರಿ," ಎಂದಳು ಅವಳು, ಕೈ ತೆಗೆಯದೆ. "ಅಲ್ಲಿ ಎಣಿಕೆ ಇನ್ನೂ ನಿಂತಿಲ್ಲ."